ಮೈಕ್ರೊವೇವ್ ಅಲೆಗಳು ಜೀವಕೋಶಕ್ಕೆ ಏನು ಮಾಡುತ್ತವೆ?

ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್ ಏಳುತ್ತದೆ. ಮನೆಗೆ ಹೊಸ ವೈ-ಫೈ ರೂಟರ್ ಬರುತ್ತದೆ. 5ಜಿ ಸುದ್ದಿಯ ಬೆನ್ನಿಗೇ ‘ಈ ಅಲೆಗಳು ಜೀವಕೋಶ ಸುಡುತ್ತವೆ, ಡಿಎನ್‌ಎ ಮುರಿಯುತ್ತವೆ’ ಎನ್ನುವ ವಿಡಿಯೊ ಫೋನಿಗೆ ಬಂದು ಬೀಳುತ್ತದೆ. ‘ಏನೂ ಆಗಲ್ಲ, ಸುಮ್ನೆ ಹೆದರಬೇಡಿ’ ಎನ್ನುವವರೂ ಇದ್ದಾರೆ. ರಾತ್ರಿ ಮಗುವಿನ ಪಕ್ಕ ಮಲಗುವಾಗ ಫೋನ್ ಎಲ್ಲಿಡಲಿ ಎಂದು ಯೋಚಿಸುವ ತಾಯಿಗೆ ಈ ಎರಡು ಮಾತುಗಳಲ್ಲಿ ಯಾವುದೂ ಸಾಲುವುದಿಲ್ಲ. ಅಲೆ ಮೈಯೊಳಗೆ ಹೋದಾಗ ಏನಾಗುತ್ತದೆ, ಎಷ್ಟಾದರೆ ಹಾನಿ, ಯಾವುದು ಖಚಿತ, ಯಾವುದು ಇನ್ನೂ ತೀರ್ಮಾನವಾಗಿಲ್ಲ ಎಂಬುದು ಆಕೆಗೆ ಗೊತ್ತಾಗಬೇಕು.

ಈ ವಿಷಯದಲ್ಲಿ 70 ವರ್ಷಗಳಿಂದ ನಡೆದಿರುವ ವಾದಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ. ಜೀವಕೋಶದಲ್ಲಿ ಕಂಡ ಬದಲಾವಣೆ ಬಿಸಿಯಿಂದ ಆದದ್ದೋ, ಬಿಸಿಯಿಲ್ಲದೆ ಅಲೆಯಿಂದಲೇ ಆದದ್ದೋ? ಇದನ್ನು ಬಿಡಿಸಿ ನೋಡುವುದು ಎಷ್ಟು ಕಷ್ಟ ಎಂದು ತಿಳಿದರೆ, ಒಂದು ಅಧ್ಯಯನ ಹೌದು ಎಂದಾಗ ಇನ್ನೊಂದು ಅಲ್ಲ ಎನ್ನುವುದು ಏಕೆ ಎಂದೂ ಗೊತ್ತಾಗುತ್ತದೆ.

## ಇದು ಯಾವ ಅಲೆ

ಬೆಳಕು, ಎಕ್ಸ್-ರೇ, ರೇಡಿಯೊ ಅಲೆ, ಮೈಕ್ರೊವೇವ್ ಇವೆಲ್ಲ ಒಂದೇ ಕುಟುಂಬದವು. ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳು. ಅಂದರೆ ವಿದ್ಯುತ್ ಬಲ ಮತ್ತು ಕಾಂತ ಬಲ ಜೊತೆಯಾಗಿ ಏರುತ್ತಾ ಇಳಿಯುತ್ತಾ ಮುಂದೆ ಸಾಗುವುದು. ಒಂದರಿಂದ ಇನ್ನೊಂದಕ್ಕಿರುವ ವ್ಯತ್ಯಾಸ, ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರಲ್ಲಿ. ಅದಕ್ಕೆ ಫ್ರೀಕ್ವೆನ್ಸಿ ಎನ್ನುತ್ತಾರೆ. ಸೆಕೆಂಡಿಗೆ 100 ಕೋಟಿ ಸಲ ಏರಿಳಿದರೆ ಅದು 1 ಗಿಗಾಹರ್ಟ್ಸ್.

ಸಾಮಾನ್ಯವಾಗಿ 0.3ರಿಂದ 300 ಗಿಗಾಹರ್ಟ್ಸ್‌ವರೆಗಿನ ಅಲೆಗಳಿಗೆ ಮೈಕ್ರೊವೇವ್ ಎಂದು ಹೆಸರು. ಇವುಗಳ ಉದ್ದ 1 ಮೀಟರ್‌ನಿಂದ 1 ಮಿಲಿಮೀಟರ್‌ವರೆಗೆ. ಅಡುಗೆಮನೆಯ ಮೈಕ್ರೊವೇವ್ ಓವನ್ ನಡೆಯುವುದು 2.45 ಗಿಗಾಹರ್ಟ್ಸ್‌ನಲ್ಲಿ. ಅದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ವೈ-ಫೈ ಮತ್ತು ಬ್ಲೂಟೂತ್ ಇರುವುದೂ ಹೆಚ್ಚುಕಡಿಮೆ ಅಲ್ಲೇ, 2.4 ಗಿಗಾಹರ್ಟ್ಸ್ ಹತ್ತಿರ. ಮೊಬೈಲ್ ಫೋನ್ 0.7 ಗಿಗಾಹರ್ಟ್ಸ್‌ನಿಂದ ಕೆಲವು ಗಿಗಾಹರ್ಟ್ಸ್‌ವರೆಗೆ ಓಡಾಡುತ್ತದೆ.

‘ಹಾಗಾದರೆ ವೈ-ಫೈ ಅಂದರೆ ಓವನ್ನೇ ಅಲ್ವಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲೆ ಒಂದೇ ಬಗೆಯದು, ಪ್ರಮಾಣ ಬೇರೆ. ಓವನ್ 600ರಿಂದ 1000 ವ್ಯಾಟ್ ಶಕ್ತಿಯನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಸುರಿಯುತ್ತದೆ. ವೈ-ಫೈ ರೂಟರ್ ಹೊರಬಿಡುವುದು 0.1 ವ್ಯಾಟ್ ಆಸುಪಾಸು, ಅದೂ ಎಲ್ಲ ದಿಕ್ಕಿಗೂ ಹರಡಿ. ಒಂದೆರಡು ಮೀಟರ್ ದೂರದಲ್ಲಿ ಕುಳಿತವರ ಮೈಗೆ ತಾಗುವುದು ಅದರಲ್ಲೂ ತೀರಾ ಸಣ್ಣ ಪಾಲು.

## ಒಂದೊಂದು ಕಣದ ಶಕ್ತಿ ಎಷ್ಟು

ಡಿಎನ್‌ಎ ಮುರಿಯುತ್ತದೆಯೇ ಎಂಬ ಪ್ರಶ್ನೆಗೆ ಮೊದಲು ನೋಡಬೇಕಾದದ್ದು ಇದನ್ನು. ವಿದ್ಯುತ್ಕಾಂತೀಯ ಅಲೆಯ ಶಕ್ತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಒಂದೊಂದಕ್ಕೂ ಫೋಟಾನ್ ಎಂದು ಹೆಸರು. ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಫೋಟಾನ್‌ನ ಶಕ್ತಿ ಜಾಸ್ತಿ. ಈ ಶಕ್ತಿಯನ್ನು ಅಳೆಯಲು ಎಲೆಕ್ಟ್ರಾನ್ ವೋಲ್ಟ್ ಎಂಬ ಪುಟ್ಟ ಅಳತೆಯನ್ನು ಬಳಸುತ್ತಾರೆ.

ಡಿಎನ್‌ಎಯಂಥ ಅಣುವಿನಲ್ಲಿ ಪರಮಾಣುಗಳನ್ನು ಹಿಡಿದಿಟ್ಟ ಬಂಧವನ್ನು ಮುರಿಯಲು 3-4 ಎಲೆಕ್ಟ್ರಾನ್ ವೋಲ್ಟ್ ಬೇಕು. ಬಿಸಿಲಲ್ಲಿರುವ ನೇರಳಾತೀತ ಕಿರಣದ ಒಂದು ಫೋಟಾನ್‌ಗೆ ಅಷ್ಟು ಶಕ್ತಿ ಇದೆ. ಬಿಸಿಲು ಚರ್ಮದ ಕ್ಯಾನ್ಸರ್‌ಗೆ ಕಾರಣವಾಗುವುದು ಅದಕ್ಕೇ. ಎಕ್ಸ್-ರೇ ಫೋಟಾನ್‌ನಲ್ಲಿ ಸಾವಿರಾರು ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಓವನ್ನಿನ ಮೈಕ್ರೊವೇವ್ ಫೋಟಾನ್‌ನಲ್ಲಿ ಇರುವುದು 0.00001 ಎಲೆಕ್ಟ್ರಾನ್ ವೋಲ್ಟ್, ಅಂದರೆ ಒಂದು ಎಲೆಕ್ಟ್ರಾನ್ ವೋಲ್ಟ್‌ನ ಲಕ್ಷದಲ್ಲಿ ಒಂದು ಭಾಗ. ಕಣ್ಣಿಗೆ ಕಾಣುವ ಮಾಮೂಲಿ ಬೆಳಕಿನ ಫೋಟಾನ್ ಕೂಡ ಇದಕ್ಕಿಂತ ಸುಮಾರು ಎರಡು ಲಕ್ಷ ಪಟ್ಟು ಬಲಶಾಲಿ.

‘ಸಣ್ಣದಾದರೇನು, ಕೋಟಿ ಕೋಟಿ ಫೋಟಾನ್ ಸೇರಿದರೆ?’ ಎಂದು ಅನ್ನಿಸಬಹುದು. ಎರಡಾಳು ಎತ್ತರದ ಗೋಡೆಯ ಮುಂದೆ ಲಕ್ಷ ಜನ ನಿಂತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಕೂದಲೆಳೆಯಷ್ಟು ಮೇಲಕ್ಕೆ ಮಾತ್ರ ನೆಗೆಯಲು ಸಾಧ್ಯ. ಎಷ್ಟೇ ಜನ ಎಷ್ಟೇ ಹೊತ್ತು ನೆಗೆದರೂ ಒಬ್ಬರೂ ಗೋಡೆ ದಾಟುವುದಿಲ್ಲ. ಆದರೆ ಅಷ್ಟು ಜನ ಒಟ್ಟಿಗೆ ನೆಗೆದರೆ ನೆಲ ಅದುರುತ್ತದೆ. ಮೈಕ್ರೊವೇವ್‌ನಲ್ಲಿ ಆ ಅದುರುವಿಕೆಯೇ ಬಿಸಿ.

ಇನ್ನೊಂದು ಅಂಕಿಯನ್ನೂ ಹೇಳಬೇಕು. ನಮ್ಮ ಮೈಯ 37 ಡಿಗ್ರಿ ಬಿಸಿಯಲ್ಲಿ ಪ್ರತಿಯೊಂದು ಅಣುವೂ ಸದಾ ಕುಲುಕುತ್ತಿರುತ್ತದೆ. ಆ ಕುಲುಕಾಟದ ಶಕ್ತಿಯೇ ಸುಮಾರು 0.027 ಎಲೆಕ್ಟ್ರಾನ್ ವೋಲ್ಟ್. ಓವನ್ನಿನ ಮೈಕ್ರೊವೇವ್ ಫೋಟಾನ್‌ಗಿಂತ ಎರಡೂವರೆ ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ಗದ್ದಲದ ಮಧ್ಯೆ ಇಷ್ಟು ಸಣ್ಣ ತಳ್ಳಾಟ ಪ್ರತ್ಯೇಕವಾಗಿ ಕೆಲಸ ಮಾಡುವುದು ಕಷ್ಟ.

ಆದರೆ ಈ ಲೆಕ್ಕ ಎಲ್ಲ ಬಾಗಿಲನ್ನೂ ಮುಚ್ಚುವುದಿಲ್ಲ. ಒಂದು ಫೋಟಾನ್ ಒಂದು ಬಂಧವನ್ನು ಮುರಿಯಲಾರದು ಎಂಬುದನ್ನಷ್ಟೇ ಇದು ಹೇಳುತ್ತದೆ. ಅಲೆಯ ವಿದ್ಯುತ್ ಬಲ ಇಡೀ ಕೋಶದ ಮೇಲೆ ಬೇರೆ ಯಾವುದೋ ದಾರಿಯಲ್ಲಿ ಪ್ರಭಾವ ಬೀರಬಹುದೇ ಎಂಬುದನ್ನು ಪ್ರಯೋಗ ಮಾಡಿಯೇ ನೋಡಬೇಕು.

## ನೀರು ಬಿಸಿಯಾಗುವ ಬಗೆ

ನೀರಿನ ಅಣುವಿನಲ್ಲಿ ಒಂದು ಬದಿಗೆ ಸ್ವಲ್ಪ ಋಣ ವಿದ್ಯುದಂಶ, ಇನ್ನೊಂದು ಬದಿಗೆ ಸ್ವಲ್ಪ ಧನ ವಿದ್ಯುದಂಶ ಇದೆ. ಹೊರಗಿನಿಂದ ವಿದ್ಯುತ್ ಬಲ ಬಂದರೆ ಅಣು ಆ ಬಲದ ದಿಕ್ಕಿಗೆ ತಿರುಗಲು ನೋಡುತ್ತದೆ. ಓವನ್ನಿನ ಅಲೆಯಲ್ಲಿ ಈ ದಿಕ್ಕು ಸೆಕೆಂಡಿಗೆ 490 ಕೋಟಿ ಸಲ ಅದಲುಬದಲಾಗುತ್ತದೆ. ಅಕ್ಕಪಕ್ಕದ ಅಣುಗಳು ಹಿಡಿದು ಎಳೆಯುವುದರಿಂದ ನೀರಿನ ಅಣುವಿಗೆ ಆ ವೇಗಕ್ಕೆ ಪೂರ್ತಿ ಹೊಂದಿಕೊಳ್ಳಲು ಆಗುವುದಿಲ್ಲ. ತುಸು ಹಿಂದೆ ಬೀಳುತ್ತದೆ. ಆ ಎಳೆದಾಟದಲ್ಲಿ ಅಲೆಯ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ದೇಹದ ದ್ರವದಲ್ಲಿ ಕರಗಿರುವ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳೂ (ವಿದ್ಯುದಂಶ ಹೊತ್ತ ಕಣಗಳು) ಹಿಂದೆಮುಂದೆ ಓಡಾಡಿ ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ.

2.45 ಗಿಗಾಹರ್ಟ್ಸ್ ಅಂದರೆ ನೀರಿಗೆಂದೇ ಹೇಳಿಮಾಡಿಸಿದ ವಿಶೇಷ ಫ್ರೀಕ್ವೆನ್ಸಿ ಎಂಬ ನಂಬಿಕೆ ಬಹಳ ಕಡೆ ಇದೆ. ಹಾಗಲ್ಲ. ಸಾಮಾನ್ಯ ಉಷ್ಣಾಂಶದ ನೀರು ಅತಿ ಹೆಚ್ಚು ಶಕ್ತಿ ಹೀರುವುದು 20 ಗಿಗಾಹರ್ಟ್ಸ್ ಹತ್ತಿರ. ಓವನ್ ಅಲ್ಲಿ ನಡೆಯುತ್ತಿದ್ದರೆ ಆಹಾರದ ಮೇಲ್ಪದರ ಮಾತ್ರ ಸುಟ್ಟು ಒಳಗೆ ತಣ್ಣಗೇ ಉಳಿಯುತ್ತಿತ್ತು. 2.45 ಗಿಗಾಹರ್ಟ್ಸ್ ಅಲೆ ಮಾಂಸಖಂಡದಂಥ ಅಂಗಾಂಶದೊಳಗೆ ಸುಮಾರು 2 ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕಿಂತ ಒಳಗೆ ಬಿಸಿ ಹರಡುವುದು ಮಾಮೂಲಿ ರೀತಿಯಲ್ಲೇ, ಪಕ್ಕದಿಂದ ಪಕ್ಕಕ್ಕೆ.

5ಜಿ ಬಗ್ಗೆ ಭಯಪಡುವವರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಅಲೆ ದೇಹದೊಳಗೆ ಇಳಿಯುವುದು ಕಡಿಮೆ. 0.9 ಗಿಗಾಹರ್ಟ್ಸ್ ಸುಮಾರು 4 ಸೆಂಟಿಮೀಟರ್ ಇಳಿದರೆ, 30 ಗಿಗಾಹರ್ಟ್ಸ್ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲ. ಚರ್ಮದಲ್ಲೇ ನಿಲ್ಲುತ್ತದೆ. ಹಾಗಾಗಿ ಆ ಫ್ರೀಕ್ವೆನ್ಸಿಗಳಲ್ಲಿ ಮೆದುಳಿಗಿಂತ ಚರ್ಮ ಮತ್ತು ಕಣ್ಣಿನ ಹೊರಪದರದ ಬಗ್ಗೆ ಹೆಚ್ಚು ಅಧ್ಯಯನ ಬೇಕು.

## ಕೋಶದ ಪೊರೆಯ ಹತ್ತಿರ ಹೋಗಿ ನೋಡಿದರೆ

ನಮ್ಮ ಒಂದು ಜೀವಕೋಶದ ಅಗಲ ಹೆಚ್ಚಾಗಿ ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗದ ಆಸುಪಾಸು. ಅದರ ಸುತ್ತ 5 ನ್ಯಾನೊಮೀಟರ್‌ಗಿಂತ ತುಸು ಹೆಚ್ಚು ದಪ್ಪದ ಕೊಬ್ಬಿನ ಪೊರೆ ಇರುತ್ತದೆ. ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ. ನರಕೋಶದಲ್ಲಿ ಈ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ. ಕೇಳಲು ಅಲ್ಪ ಅನ್ನಿಸುತ್ತದೆ. ಆದರೆ ಪೊರೆ ಎಷ್ಟು ತೆಳು ಎಂದರೆ, ಮೀಟರ್‌ ಲೆಕ್ಕಕ್ಕೆ ತಂದಾಗ ಅದು ಸುಮಾರು ಒಂದು ಕೋಟಿ ವೋಲ್ಟ್ ಆಗುತ್ತದೆ. ಇಷ್ಟು ದೊಡ್ಡ ವಿದ್ಯುತ್ ಬಲವನ್ನು ನರಕೋಶ ಹುಟ್ಟಿನಿಂದ ಹೊತ್ತುಕೊಂಡೇ ಇರುತ್ತದೆ.

ಫೋನ್ ನಿಯಮದ ಮಿತಿಯಲ್ಲಿ ಅತಿ ಹೆಚ್ಚು ಶಕ್ತಿ ಹೊರಸೂಸಿದಾಗ ಅಂಗಾಂಶದೊಳಗೆ ಹುಟ್ಟುವ ವಿದ್ಯುತ್ ಬಲ ಮೀಟರ್‌ಗೆ ಸುಮಾರು 45 ವೋಲ್ಟ್. ಪೊರೆ ಹೊತ್ತಿರುವ ಕೋಟಿ ವೋಲ್ಟ್‌ನ ಮುಂದೆ ಇದು ಏನೇನೂ ಅಲ್ಲ.

ಕಡಿಮೆ ಫ್ರೀಕ್ವೆನ್ಸಿಯ ವಿದ್ಯುತ್ತಿನ ವಿಷಯ ಬೇರೆ. ಗೋಡೆಯ ಪ್ಲಗ್‌ನಿಂದ ಶಾಕ್ ಹೊಡೆದಾಗ ನರ ಚುರುಗುಟ್ಟುತ್ತದೆ. ಅಲ್ಲಿ ದಿಕ್ಕು ಬದಲಾಗುವುದು ಸೆಕೆಂಡಿಗೆ ನೂರು ಸಲದ ಆಸುಪಾಸು ಮಾತ್ರ. ಪೊರೆಯ ಎರಡೂ ಬದಿಗೆ ವಿದ್ಯುದಂಶ ಬಂದು ಜಮಾ ಆಗಲು ಬೇಕಾದಷ್ಟು ಸಮಯ ಸಿಗುತ್ತದೆ. ಹಾಗೆ ಜಮಾ ಆಗಲು ಕೋಶಕ್ಕೆ ಸುಮಾರು ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಬೇಕು. ಮೈಕ್ರೊವೇವ್‌ನಲ್ಲಿ ಅಷ್ಟು ಹೊತ್ತಿನೊಳಗೆ ದಿಕ್ಕು ಸಾವಿರಾರು ಸಲ ಬದಲಾಗಿಬಿಟ್ಟಿರುತ್ತದೆ. ಒಂದು ಕಡೆಗೆ ಹೊರಟ ಅಯಾನು ಹೆಜ್ಜೆ ಎತ್ತುವ ಮೊದಲೇ ವಾಪಸ್ಸಾಗಬೇಕು. ಅದಕ್ಕೇ ಮೈಕ್ರೊವೇವ್ ಶಾಕ್ ಹೊಡೆಯುವುದಿಲ್ಲ, ಬಿಸಿ ಮಾಡುತ್ತದೆ.

## ಬಿಸಿ ತಗುಲಿದ ಕೋಶ

ಬಿಸಿ ಎಂದರೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಕೋಶದ ಕೆಲಸವೆಲ್ಲ ನಡೆಯುವುದು ಪ್ರೋಟೀನ್‌ಗಳಿಂದ. ಪ್ರತಿ ಪ್ರೋಟೀನ್ ತನ್ನದೇ ಒಂದು ಆಕಾರದಲ್ಲಿ ಮಡಚಿಕೊಂಡಿರುತ್ತದೆ. ಉಷ್ಣಾಂಶ ಕೆಲವೇ ಡಿಗ್ರಿ ಏರಿದರೂ ಕೆಲವು ಪ್ರೋಟೀನ್‌ಗಳ ಮಡಿಕೆ ಸಡಿಲವಾಗುತ್ತದೆ. ಆಗ ಕೋಶ ‘ಹೀಟ್ ಶಾಕ್ ಪ್ರೋಟೀನ್’ ಎಂಬ ರಕ್ಷಕ ಪ್ರೋಟೀನ್‌ಗಳನ್ನು ತಯಾರಿಸಲು ಶುರುಮಾಡುತ್ತದೆ. ಸಡಿಲವಾದವನ್ನು ಹಿಡಿದು ಮತ್ತೆ ಸರಿಯಾಗಿ ಮಡಚುವುದು ಇವುಗಳ ಕೆಲಸ. ಈ ಪ್ರತಿಕ್ರಿಯೆಯನ್ನು 1962ರಲ್ಲಿ ಪ್ರಕಟಿಸಿದವರು ಇಟಲಿಯ ವಿಜ್ಞಾನಿ ಫೆರುಚಿಯೊ ರಿಟೋಸ. ಬಿಸಿ ತಗುಲಿದ ಹಣ್ಣುನೊಣದ ಮರಿಗಳಲ್ಲಿ ಕ್ರೋಮೊಸೋಮ್‌ನ ಕೆಲವು ಜಾಗಗಳು ಉಬ್ಬಿರುವುದನ್ನು ಅವರು ಕಂಡಿದ್ದರು.

ಬಿಸಿ ಇನ್ನೂ ಏರಿದರೆ ಈ ರಿಪೇರಿ ಸಾಲುವುದಿಲ್ಲ. 43 ಡಿಗ್ರಿ ದಾಟಿದ ಮೇಲೆ, ಒಂದೊಂದು ಡಿಗ್ರಿ ಏರಿದಂತೆ ಕೋಶ ಸಾಯಲು ಬೇಕಾದ ಸಮಯ ಸುಮಾರು ಅರ್ಧದಷ್ಟು ಇಳಿಯುತ್ತದೆ. 60 ಡಿಗ್ರಿ ಮುಟ್ಟಿದರೆ ಕ್ಷಣಗಳಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ ಕೋಶ ಸಾಯುತ್ತದೆ. ವೈದ್ಯರು ಇದನ್ನೇ ಚಿಕಿತ್ಸೆಯಾಗಿ ಬಳಸುತ್ತಾರೆ. ಯಕೃತ್ತಿನ ಗಡ್ಡೆಯೊಳಗೆ ಸೂಜಿಯಂಥ ಆಂಟೆನಾ ಇಳಿಸಿ, 0.915 ಅಥವಾ 2.45 ಗಿಗಾಹರ್ಟ್ಸ್ ಅಲೆ ಹಾಯಿಸಿ, ಗಡ್ಡೆಯ ಕೋಶಗಳನ್ನು ಅಲ್ಲೇ ಸುಟ್ಟುಹಾಕುತ್ತಾರೆ. ಇನ್ನೊಂದು ಚಿಕಿತ್ಸೆಯಲ್ಲಿ ಗಡ್ಡೆಯನ್ನು 40ರಿಂದ 43 ಡಿಗ್ರಿವರೆಗೆ ಮಾತ್ರ ಬಿಸಿಮಾಡಿ ಜೊತೆಗೆ ರೇಡಿಯೊಥೆರಪಿ ಕೊಡುತ್ತಾರೆ. ಬಿಸಿ ತಗುಲಿದ ಕ್ಯಾನ್ಸರ್ ಕೋಶಕ್ಕೆ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳುವುದು ಕಷ್ಟವಾಗುತ್ತದೆ. ಹಾಗಾಗಿ ಎಕ್ಸ್-ರೇ ಏಟು ಜೋರಾಗಿ ತಗಲುತ್ತದೆ.

ದೇಹದ ಎಲ್ಲ ಭಾಗಕ್ಕೂ ಬಿಸಿ ತಡೆಯುವ ಶಕ್ತಿ ಒಂದೇ ಥರ ಇಲ್ಲ. ಹರಿಯುವ ರಕ್ತ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ. ಮೊಲಗಳ ಕಣ್ಣಿಗೆ ಬಲವಾದ ಮೈಕ್ರೊವೇವ್ ಬಿಟ್ಟಾಗ, ಮಸೂರದ ಉಷ್ಣಾಂಶ 41 ಡಿಗ್ರಿ ದಾಟಿದ ಮೇಲೆ ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬಂದಿತ್ತು. ಇನ್ನೊಂದು ಸೂಕ್ಷ್ಮ ಜಾಗ ವೃಷಣ. ವೀರ್ಯಾಣು ಹುಟ್ಟಲು ಅದು ಮೈಗಿಂತ ಕೆಲವು ಡಿಗ್ರಿ ತಂಪಾಗಿರಬೇಕು.

## ಮಿತಿಯನ್ನು ಗೊತ್ತುಮಾಡಿದ್ದು ಹೇಗೆ

ದೇಹದ ಒಂದು ಕಿಲೊ ಭಾಗ ಎಷ್ಟು ವ್ಯಾಟ್ ಹೀರಿಕೊಳ್ಳುತ್ತದೆ ಎಂಬ ಲೆಕ್ಕಕ್ಕೆ ಎಸ್‌ಎಆರ್ ಎನ್ನುತ್ತಾರೆ. ಫೋನಿನ ಪೆಟ್ಟಿಗೆಯ ಮೇಲೆ ಅಥವಾ ಸೆಟ್ಟಿಂಗ್ಸ್‌ನಲ್ಲಿ ಈ ಅಂಕಿ ಸಿಗುತ್ತದೆ.

ಇಡೀ ದೇಹ ಕಿಲೊಗೆ 4 ವ್ಯಾಟ್‌ನಂತೆ ಅರ್ಧ ಗಂಟೆ ಹೀರಿಕೊಂಡರೆ ಮೈಯ ಉಷ್ಣಾಂಶ ಸುಮಾರು ಒಂದು ಡಿಗ್ರಿ ಏರುತ್ತದೆ. ಪ್ರಯೋಗದ ಪ್ರಾಣಿಗಳ ನಡವಳಿಕೆಯಲ್ಲಿ ಬದಲಾವಣೆ ಕಂಡದ್ದೂ ಈ ಮಟ್ಟದ ಆಸುಪಾಸಿನಲ್ಲೇ. ಸುಮ್ಮನೆ ಕುಳಿತಾಗ ನಮ್ಮ ದೇಹ ತಾನೇ ಕಿಲೊಗೆ ಒಂದು ವ್ಯಾಟ್‌ಗಿಂತ ತುಸು ಹೆಚ್ಚು ಬಿಸಿ ಹುಟ್ಟಿಸುತ್ತದೆ ಎಂಬುದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಮಾರ್ಗಸೂಚಿ ಈ 4 ವ್ಯಾಟ್ ಅನ್ನು ಹತ್ತರಿಂದ ಭಾಗಿಸಿ ಕೆಲಸಗಾರರಿಗೆ 0.4 ಎಂದೂ, 50ರಿಂದ ಭಾಗಿಸಿ ಜನಸಾಮಾನ್ಯರಿಗೆ 0.08 ಎಂದೂ ಮಿತಿ ಹಾಕಿದೆ. ಕಿವಿಗೆ ಹಿಡಿಯುವ ಫೋನ್‌ಗೆ ತಲೆಯ 10 ಗ್ರಾಂ ಭಾಗದ ಸರಾಸರಿಯಲ್ಲಿ ಕಿಲೊಗೆ 2 ವ್ಯಾಟ್ ಮಿತಿ. ಅಮೆರಿಕದಲ್ಲಿ 1 ಗ್ರಾಂ ಭಾಗದ ಸರಾಸರಿಯಲ್ಲಿ 1.6. ಈ ಮಟ್ಟದಲ್ಲಿ ಮೆದುಳಿನ ಉಷ್ಣಾಂಶ ಏರುವುದು 0.1 ಡಿಗ್ರಿ ಆಸುಪಾಸು ಎಂದು ಲೆಕ್ಕಾಚಾರಗಳು ಹೇಳುತ್ತವೆ. ಮಾತಾಡುವಾಗ ಕಿವಿ ಬೆಚ್ಚಗಾಗುವುದು ಮುಖ್ಯವಾಗಿ ಬ್ಯಾಟರಿಯ ಬಿಸಿಯಿಂದ ಮತ್ತು ಗಾಳಿಯಾಡದಂತೆ ಫೋನ್ ಚರ್ಮವನ್ನು ಮುಚ್ಚುವುದರಿಂದ.

ಎಲ್ಲ ದೇಶಗಳೂ ಒಂದೇ ಮಿತಿ ಇಟ್ಟುಕೊಂಡಿರಲಿಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಮಿತಿ ಅಮೆರಿಕದ್ದಕ್ಕಿಂತ ಸಾವಿರ ಪಟ್ಟು ಬಿಗಿಯಾಗಿತ್ತು. ರಾಡಾರ್ ಕೆಲಸಗಾರರಲ್ಲಿ ನಿದ್ರೆಗೇಡು, ಆಯಾಸ, ತಲೆನೋವು ಕಂಡಿದ್ದೇವೆ ಎಂದು ಅಲ್ಲಿನ ವೈದ್ಯರು ಹೇಳುತ್ತಿದ್ದರು. ಅದೇ ಹೊತ್ತಿಗೆ, 1953ರಿಂದ 1976ರವರೆಗೆ, ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಮೇಲೆ ಕಡಿಮೆ ಶಕ್ತಿಯ ಮೈಕ್ರೊವೇವ್ ಬೀಳುತ್ತಿತ್ತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಅಲ್ಲಿನ ಸಿಬ್ಬಂದಿಯ ಆರೋಗ್ಯವನ್ನು ಪರಿಶೀಲಿಸಿ 1978ರಲ್ಲಿ ವರದಿ ಕೊಟ್ಟರು. ಈ ಅಲೆಗಳಿಂದ ಹಾನಿಯಾಗಿದೆ ಎನ್ನಲು ಆಧಾರ ಸಿಗಲಿಲ್ಲ.

## ಅಲೆ ಕಿವಿಗೆ ಕೇಳಿಸಿದಾಗ

ಎರಡನೇ ಮಹಾಯುದ್ಧದ ಕಾಲದಿಂದಲೂ ರಾಡಾರ್ ಹತ್ತಿರ ನಿಂತ ಕೆಲವರು ತಲೆಯೊಳಗೆ ಟಿಕ್ ಟಿಕ್ ಸದ್ದು ಕೇಳುತ್ತದೆ ಎನ್ನುತ್ತಿದ್ದರು. ಮೊದಲಿಗೆ ಯಾರೂ ನಂಬಲಿಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಲನ್ ಫ್ರೇ ಇದನ್ನು ಪರೀಕ್ಷಿಸಿ, ನಿಜವಾಗಿಯೂ ಕೇಳುತ್ತದೆ ಎಂದು ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ಚಿಕ್ಕ ಮೈಕ್ರೊವೇವ್ ಮಿಡಿತಗಳಿಗೆ ಮಾತ್ರ ಹೀಗಾಗುತ್ತದೆ. ಸರಾಸರಿ ಶಕ್ತಿ ಎಷ್ಟು ಕಡಿಮೆ ಎಂದರೆ ಮೈ ಬಿಸಿಯಾದದ್ದು ಗೊತ್ತೇ ಆಗುವುದಿಲ್ಲ. ಹಾಗಾದರೆ ಇದು ಬಿಸಿಯಿಲ್ಲದ ಪರಿಣಾಮ, ಅಲೆ ನೇರವಾಗಿ ನರವನ್ನೇ ಮುಟ್ಟುತ್ತಿದೆ ಎಂದು ಅನೇಕರು ಅಂದುಕೊಂಡರು.

1974ರಲ್ಲಿ ಫಾಸ್ಟರ್ ಮತ್ತು ಫಿಂಚ್ ಎಂಬ ಇಬ್ಬರು ಮಾಡಿದ ಪ್ರಯೋಗ ನನಗೆ ಈ ಇಡೀ ಚರಿತ್ರೆಯಲ್ಲೇ ಅತಿ ಚೆಂದದ್ದು ಅನ್ನಿಸುತ್ತದೆ. ಒಂದು ಮಿಡಿತದಿಂದ ತಲೆಯೊಳಗೆ ಏರುವ ಉಷ್ಣಾಂಶ ಡಿಗ್ರಿಯ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಆದರೆ ಅದು ಕೆಲವೇ ಮೈಕ್ರೊಸೆಕೆಂಡ್‌ನಲ್ಲಿ ಏರುತ್ತದೆ. ಅಷ್ಟು ದಿಢೀರ್ ಬಿಸಿಯಾದ ಅಂಗಾಂಶ ಕೊಂಚ ಹಿಗ್ಗಿದರೂ ಒತ್ತಡದ ಅಲೆ ಏಳುತ್ತದೆ. ಒತ್ತಡದ ಅಲೆ ಅಂದರೆ ಸದ್ದೇ. ಅದು ತಲೆಬುರುಡೆಯ ಮೂಲಕ ಒಳಗಿವಿಗೆ ತಲುಪುತ್ತದೆ. ಇದನ್ನು ಪರೀಕ್ಷಿಸಲು ಅವರು ನೀರಿಗೆ ಮೈಕ್ರೊವೇವ್ ಮಿಡಿತ ಬಿಟ್ಟು, ಏಳುವ ಸದ್ದನ್ನು ಅಳೆದರು. ನೀರಿಗೆ ಒಂದು ವಿಚಿತ್ರ ಗುಣವಿದೆ. 4 ಡಿಗ್ರಿಯಲ್ಲಿ ಅದು ಬಿಸಿ ತಗುಲಿದರೂ ಹಿಗ್ಗುವುದಿಲ್ಲ. ನೀರನ್ನು 4 ಡಿಗ್ರಿಗೆ ತಂದಾಗ ಸದ್ದು ನಿಂತೇಹೋಯಿತು. ಅಲ್ಲಿಗೆ ಅಲೆ ನೇರವಾಗಿ ನರ ಮುಟ್ಟುತ್ತದೆ ಎಂಬ ವಾದ ಬಿದ್ದುಹೋಯಿತು. ಕೇಳಿಸುವುದು ನಿಜ, ಆದರೆ ದಾರಿ ಬಿಸಿಯದ್ದೇ.

## ಹುಳುಗಳ ಕಥೆ

ಬಿಸಿಯನ್ನೂ ಅಲೆಯನ್ನೂ ಬೇರ್ಪಡಿಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಇನ್ನೊಂದು ಪ್ರಯೋಗ ನೋಡಿ. 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ರಿಟನ್ನಿನ ತಂಡವೊಂದರ ಪುಟ್ಟ ವರದಿ ಬಂತು. ಪ್ರಯೋಗಕ್ಕೆ ಆರಿಸಿಕೊಂಡದ್ದು ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕವಾದ ಒಂದು ಹುಳುವನ್ನು. ಹೀಟ್ ಶಾಕ್ ಜೀನ್ ಚುರುಕಾದರೆ ಗುರುತು ಸಿಗುವಂತೆ ಅದರ ತಳಿಯನ್ನು ಮಾರ್ಪಡಿಸಲಾಗಿತ್ತು. ಹುಳುಗಳಿಗೆ 0.75 ಗಿಗಾಹರ್ಟ್ಸ್ ಅಲೆಯನ್ನು ರಾತ್ರಿಯಿಡೀ ಬಿಟ್ಟರು. ಬಿಸಿಯಾಗಲು ಸಾಧ್ಯವೇ ಇಲ್ಲ ಎನ್ನುವಷ್ಟು ಕಡಿಮೆ ಶಕ್ತಿ. ಆದರೂ ಹೀಟ್ ಶಾಕ್ ಜೀನ್ ಎಚ್ಚೆತ್ತಿತ್ತು. ಬಿಸಿಯಿಲ್ಲದೆಯೂ ಮೈಕ್ರೊವೇವ್ ಕೋಶವನ್ನು ಕೆಣಕುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಸುದ್ದಿಯಾಯಿತು.

ಆಮೇಲೆ ಅದೇ ತಂಡ ತನ್ನ ಉಪಕರಣವನ್ನೇ ಮತ್ತೆ ಕೂಲಂಕಷವಾಗಿ ಪರೀಕ್ಷಿಸಿತು. ಅಲೆ ಹಾಯುವ ಪೆಟ್ಟಿಗೆಯಲ್ಲಿ ಹುಳುಗಳಿದ್ದ ಜಾಗ ಸುಮಾರು 0.2 ಡಿಗ್ರಿ ಬಿಸಿಯಾಗುತ್ತಿತ್ತು. ಆ ಹುಳುಗಳ ಹೀಟ್ ಶಾಕ್ ಜೀನ್ ಅಷ್ಟು ಸಣ್ಣ ವ್ಯತ್ಯಾಸಕ್ಕೂ ಎಚ್ಚೆತ್ತುಕೊಳ್ಳುವ ಅಂಚಿನಲ್ಲೇ ಇತ್ತು. ಅಲೆಯ ಶಕ್ತಿ ನಷ್ಟವಾಗಿ ಬಿಸಿ ಹುಟ್ಟದಂತೆ ಉಪಕರಣ ಬದಲಿಸಿ ನೋಡಿದಾಗ ಪರಿಣಾಮ ಕಾಣಲಿಲ್ಲ. 2006ರಲ್ಲಿ ತಂಡ ತನ್ನ ವರದಿಯನ್ನು ವಾಪಸ್ ತೆಗೆದುಕೊಂಡಿತು. ತಮ್ಮದೇ ಫಲಿತಾಂಶವನ್ನು ತಾವೇ ಕೆದಕಿ ನೋಡಿದ ಈ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ.

ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವುದು ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ. ತಟ್ಟೆಯ ಅಂಚಿನಲ್ಲಿ ದ್ರವ ಬಾಗಿರುತ್ತದೆ, ಅಲೆ ಒಂದೊಂದು ಕಡೆ ಒಂದೊಂದು ಥರ ಹೀರಲ್ಪಡುತ್ತದೆ. ಸಾಮಾನ್ಯ ಥರ್ಮಾಮೀಟರ್‌ನ ಲೋಹದ ತಂತಿ ತಾನೇ ಅಲೆಯನ್ನು ಹಿಡಿದು ಅಳತೆ ಕೆಡಿಸುತ್ತದೆ. ಅದಕ್ಕೆ ಗಾಜಿನ ಎಳೆಯ ಥರ್ಮಾಮೀಟರ್ ಬಳಸಬೇಕು. ಇದನ್ನೆಲ್ಲ ಸರಿಯಾಗಿ ಮಾಡದ ಅಧ್ಯಯನಗಳೂ ಬಹಳ ಇವೆ.

## ಡಿಎನ್‌ಎ ಮತ್ತು ಇಲಿಗಳು

1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲಾಯ್ ಮತ್ತು ನರೇಂದ್ರ ಸಿಂಗ್, 2.45 ಗಿಗಾಹರ್ಟ್ಸ್ ಅಲೆಗೆ ಎರಡು ಗಂಟೆ ಒಡ್ಡಿದ ಇಲಿಗಳ ಮೆದುಳಿನ ಕೋಶಗಳಲ್ಲಿ ಡಿಎನ್‌ಎ ಎಳೆ ತುಂಡಾಗಿರುವುದನ್ನು ಕಂಡೆವು ಎಂದು ಪ್ರಕಟಿಸಿದರು. ಬಳಸಿದ ವಿಧಾನದ ಹೆಸರು ಕಾಮೆಟ್ ಪರೀಕ್ಷೆ. ಕೋಶದ ಡಿಎನ್‌ಎಯನ್ನು ಜೆಲ್ಲಿಯಂಥ ಪದರದಲ್ಲಿಟ್ಟು ವಿದ್ಯುತ್ ಹಾಯಿಸುತ್ತಾರೆ. ತುಂಡಾದ ಚೂರುಗಳು ಮುಂದೆ ಸರಿದು ಧೂಮಕೇತುವಿನ ಬಾಲದ ಹಾಗೆ ಕಾಣುತ್ತವೆ. ಬಾಲ ಉದ್ದವಾದಷ್ಟೂ ಹಾನಿ ಜಾಸ್ತಿ.

ಇನ್ನೊಂದು ತಂಡ 1998ರಲ್ಲಿ ಇದನ್ನು ಮತ್ತೆ ಮಾಡಿ ನೋಡಿತು. ಅವರಿಗೆ ಅಲೆಯಿಂದಾದ ಹಾನಿ ಕಾಣಲಿಲ್ಲ. ಬದಲಿಗೆ, ಇಲಿಯನ್ನು ಕೊಲ್ಲುವ ವಿಧಾನ ಬದಲಾದರೆ ಡಿಎನ್‌ಎ ಬಾಲದ ಉದ್ದವೇ ಬದಲಾಗುತ್ತದೆ ಎಂದು ಕಂಡಿತು. ಅಂದಿನಿಂದ ಇಂದಿನವರೆಗೆ ಈ ಬಗೆಯ ಅಧ್ಯಯನಗಳಲ್ಲಿ ಹಾನಿ ಕಂಡವೂ ಇವೆ, ಕಾಣದವೂ ಇವೆ. ಆಮ್ಲಜನಕದಿಂದ ಹುಟ್ಟುವ ಹಾನಿಕಾರಕ ಕಣಗಳು ಕೋಶದಲ್ಲಿ ಹೆಚ್ಚಾಗುತ್ತವೆ ಎಂಬ ವಾದದ ಸ್ಥಿತಿಯೂ ಇದೇ. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ಫಲಿತಾಂಶ ಮತ್ತೆ ಮತ್ತೆ ಬರುವವರೆಗೆ ಅದನ್ನು ಸಾಬೀತಾದ ಸಂಗತಿ ಎನ್ನಲು ಆಗದು.

2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ದೊಡ್ಡ ವರದಿಯೊಂದನ್ನು ಹೊರತಂದಿತು. ಇಲಿಗಳಿಗೆ ದಿನಕ್ಕೆ ಸುಮಾರು 9 ಗಂಟೆ, ಎರಡು ವರ್ಷ, ಇಡೀ ಮೈಗೆ ಫೋನ್ ಮಾದರಿಯ ಅಲೆ ಬಿಟ್ಟಿದ್ದರು. ಗಂಡು ಇಲಿಗಳ ಹೃದಯದಲ್ಲಿ ಒಂದು ಅಪರೂಪದ ಗಡ್ಡೆ ಹೆಚ್ಚಾಗಿತ್ತು. ಇದನ್ನು ಅವರು ‘ಸ್ಪಷ್ಟ ಸಾಕ್ಷ್ಯ’ ಎಂದೇ ಕರೆದರು. ಹೆಣ್ಣು ಇಲಿಗಳಲ್ಲಿ, ಚಿಕ್ಕ ಜಾತಿಯ ಇಲಿಗಳಲ್ಲಿ (ಮೌಸ್) ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಅಲೆ ತಗುಲಿದ ಗಂಡು ಇಲಿಗಳು ತಗುಲದವಕ್ಕಿಂತ ಹೆಚ್ಚು ಕಾಲ ಬದುಕಿದ್ದೂ ಕಂಡುಬಂತು. ಇಡೀ ಮೈಗೆ ಕೊಟ್ಟ ಗರಿಷ್ಠ ಪ್ರಮಾಣ ಕಿಲೊಗೆ 6 ವ್ಯಾಟ್, ಜನಸಾಮಾನ್ಯರ ಮಿತಿಯ 75 ಪಟ್ಟು. ಈ ವರದಿಯನ್ನು ತಳ್ಳಿಹಾಕುವುದೂ ತಪ್ಪು, ನೇರವಾಗಿ ಮನುಷ್ಯರಿಗೆ ಅನ್ವಯಿಸುವುದೂ ತಪ್ಪು.

## ಮನುಷ್ಯರಲ್ಲಿ ಕಂಡದ್ದು

2011ರಲ್ಲಿ ಅಮೆರಿಕದಲ್ಲಿ 47 ಮಂದಿ ಆರೋಗ್ಯವಂತರ ಕಿವಿಗೆ ಫೋನ್ ಕಟ್ಟಿ, ಸದ್ದು ಬಂದ್ ಮಾಡಿ, 50 ನಿಮಿಷ ಕರೆ ಚಾಲೂ ಇಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು. ಆಂಟೆನಾದ ಹತ್ತಿರದ ಮೆದುಳಿನ ಭಾಗ ಸುಮಾರು 7% ಹೆಚ್ಚು ಗ್ಲೂಕೋಸ್ ಬಳಸಿತ್ತು. ಇದರಿಂದ ಹಾನಿಯಿದೆಯೇ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ. ಪರಿಣಾಮ ಬೇರೆ, ಹಾನಿ ಬೇರೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ಕ್ಯಾನ್ಸರ್ ವಿಷಯಕ್ಕೆ ಬಂದರೆ, 13 ದೇಶಗಳ ‘ಇಂಟರ್‌ಫೋನ್’ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಟ್ಟಾರೆಯಾಗಿ ಅಪಾಯ ಹೆಚ್ಚಿರಲಿಲ್ಲ. ಅತಿ ಹೆಚ್ಚು ಮಾತಾಡಿದ ಹತ್ತನೇ ಒಂದು ಭಾಗದ ಜನರಲ್ಲಿ ಮಾತ್ರ ಒಂದು ಬಗೆಯ ಮೆದುಳಿನ ಗಡ್ಡೆ ಜಾಸ್ತಿ ಕಂಡಿತ್ತು. ಆದರೆ ವರ್ಷಗಳ ಹಿಂದೆ ಎಷ್ಟು ಹೊತ್ತು, ಯಾವ ಕಿವಿಯಲ್ಲಿ ಮಾತಾಡಿದಿರಿ ಎಂದು ರೋಗಿಗಳನ್ನು ಕೇಳಿ ಬರೆದುಕೊಂಡ ಮಾಹಿತಿ ಅದು. ನೆನಪು ತಪ್ಪುವ ಸಾಧ್ಯತೆಯನ್ನು ಸಂಶೋಧಕರೇ ಎತ್ತಿ ಹೇಳಿದ್ದರು. ಮರುವರ್ಷ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಈ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಸಾಕ್ಷ್ಯ ಸೀಮಿತ ಎಂದರ್ಥ. ಆ ಗುಂಪು ಅಪಾಯ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ, ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದ ಸಮಗ್ರ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬರಲಿಲ್ಲ.

## ದಿನನಿತ್ಯದ ಬಳಕೆಗೆ

ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಕಾಲುಭಾಗ. ಹೀಗಾಗಿ ದೂರದ ಟವರ್‌ಗಿಂತ ಕಿವಿಗೊತ್ತಿದ ಫೋನಿನಿಂದಲೇ ತಲೆಗೆ ಜಾಸ್ತಿ ಶಕ್ತಿ ಹೋಗುತ್ತದೆ. ಇಯರ್‌ಫೋನ್ ಅಥವಾ ಸ್ಪೀಕರ್‌ನಲ್ಲಿ ಮಾತಾಡಿದರೆ ಅದು ಬಹಳ ಕಡಿಮೆಯಾಗುತ್ತದೆ. ಫೋನ್ ಸುಮ್ಮನೆ ಇದ್ದಾಗ ಆಗೊಮ್ಮೆ ಈಗೊಮ್ಮೆ ಮಾತ್ರ ಟವರ್ ಜೊತೆ ಸಂಪರ್ಕಿಸುತ್ತದೆ. ಮಗುವಿನ ಪಕ್ಕ ಮಲಗುವಾಗ ಅದನ್ನು ಒಂದು ಮೀಟರ್ ಆಚೆ ಮೇಜಿನ ಮೇಲಿಟ್ಟರೆ, ಇದ್ದ ಸ್ವಲ್ಪವೂ ತೀರಾ ಅಲ್ಪಕ್ಕೆ ಇಳಿಯುತ್ತದೆ. ಇದಕ್ಕೆ ಖರ್ಚೂ ಇಲ್ಲ, ಭಯವೂ ಬೇಕಿಲ್ಲ.

ಓವನ್ನಿನ ಬಾಗಿಲ ಗಾಜಿನ ಹಿಂದೆ ಸಣ್ಣ ತೂತುಗಳ ಲೋಹದ ಜಾಲರಿ ಇರುತ್ತದೆ. 12 ಸೆಂಟಿಮೀಟರ್ ಉದ್ದದ ಅಲೆ ಮಿಲಿಮೀಟರ್ ಗಾತ್ರದ ತೂತಿನಿಂದ ಹೊರಬರಲಾರದು. ಬೆಳಕಿನ ಅಲೆ ತುಂಬಾ ಸಣ್ಣದು, ಹಾಗಾಗಿ ಒಳಗಿರುವುದು ನಮಗೆ ಕಾಣುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಅಥವಾ ಜಾಲರಿ ಹರಿದಿದ್ದರೆ ಮಾತ್ರ ಅದನ್ನು ಬಳಸಬೇಡಿ. ಒಳಗಿನ ಆಹಾರದಲ್ಲಿ ರೋಗಾಣು ಸಾಯುವುದೂ ಬಿಸಿಯಿಂದಲೇ. ಅಲೆಗಳು ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುವಾಗ ಕೆಲವು ಜಾಗ ಕಾಯುತ್ತದೆ, ಕೆಲವು ತಣ್ಣಗೇ ಉಳಿಯುತ್ತದೆ. ತಣ್ಣಗೆ ಉಳಿದ ಜಾಗದಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತದೆ. ಅದಕ್ಕೇ ಮಧ್ಯೆ ಒಮ್ಮೆ ತೆಗೆದು ಚೆನ್ನಾಗಿ ಕಲಸಿ, ಮತ್ತೆ ಬಿಸಿಮಾಡಿ, ಒಂದೆರಡು ನಿಮಿಷ ಹಾಗೇ ಬಿಟ್ಟು ತಿನ್ನಬೇಕು.